ಗಾಳಿವೀರನ ಎರಡನೆಯ ಭಾಗಕ್ಕೆ ಟಿಕೆಟಕ್ಕ ಎಳೆದ ಗೆರೆ

ಟಿಕೆಟಕ್ಕ ಮಂಗಳವಾರ ಬೆಳಿಗ್ಗೆ ತೀರಿಕೊಂಡರು. ಹೃದಯ ನಿಂತುಹೋಯಿತು, ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಸಿಗಲಿಲ್ಲ ಎಂದು ಅವರ ತಂಗಿ ಫೋನಿನಲ್ಲಿ ಹೇಳುವಾಗ ಆಪರೇಟರ್ ಚಿತ್ರಮಂದಿರದ ಮೇಲಿನ ಕೋಣೆಯಲ್ಲಿ ಯಂತ್ರದ ಧೂಳು ಒರೆಸುತ್ತಿದ್ದ. ಸರಿ, ಬರುತ್ತೇನೆ ಎಂದಷ್ಟೇ ಹೇಳಿ ಒರೆಸುವುದನ್ನು ಮುಗಿಸಿದ. ಆಮೇಲೆ ಮೆಟ್ಟಿಲಿಳಿದು ಗೇಟಿನ ಪಕ್ಕದ ಕರಿಹಲಗೆಯ ಮುಂದೆ ನಿಂತ. ಸೋಮವಾರ ಅವರು ಬರೆದದ್ದು ಹಾಗೇ ಇತ್ತು.

ಆ ಹಲಗೆ ಅಕ್ಕನದು. ಮೂವತ್ತೊಂದು ವರ್ಷ ಟಿಕೆಟ್ ಕಿಂಡಿಯ ಹಿಂದೆ ಕೂತವರು, ಪ್ರತಿ ಹೊಸ ಚಿತ್ರದ ಮೊದಲ ಆಟವನ್ನು ತಪ್ಪದೆ ನೋಡುತ್ತಿದ್ದರು. ಗೋಡೆ ಬದಿಯ ಕೊನೆಯ ಕುರ್ಚಿ ಅವರಿಗೇ ಮೀಸಲು. ಆಟ ಮುಗಿದ ಮೇಲೆ ಸೀಮೆಸುಣ್ಣ ಹಿಡಿದು ಹಲಗೆಯ ನಡುವೆ ಗೆರೆ ಎಳೆದು, ಒಂದು ಕಡೆ ‘ಗೆದ್ದದ್ದು’, ಇನ್ನೊಂದು ಕಡೆ ‘ಸೋತದ್ದು’ ಎಂದು ಬರೆಯುತ್ತಿದ್ದರು. ಎರಡೂ ಕಡೆ ಏನಾದರೂ ಇರಲೇಬೇಕು. ಬರೆದದ್ದು ತಪ್ಪೆಂದು ಆಮೇಲೆ ಗೊತ್ತಾದರೆ ಅಳಿಸುವಂತಿಲ್ಲ. ಹಳೆಯದು ಓದಲು ಸಿಗುವ ಹಾಗೆ ಅದರ ಮೇಲೆ ಒಂದೇ ಗೆರೆ ಎಳೆದು, ಸರಿಯಾದದ್ದನ್ನು ಪಕ್ಕದಲ್ಲಿ ಬರೆಯಬೇಕು. ಈ ಕಟ್ಟಳೆ ಮಾಡಿದವರೂ ಅವರೇ, ಪಾಲಿಸಿದವರೂ ಅವರೇ. ಪೋಸ್ಟರ್ ನೋಡಿ ಮರುಳಾಗುವ ಜನ ಆ ಬೀದಿಯಲ್ಲಿ ಇರಲಿಲ್ಲ. ಹಲಗೆ ಓದಿಯೇ ಚಪ್ಪಲಿ ಮೆಟ್ಟುತ್ತಿದ್ದರು.

ಆಪರೇಟರ್ ಇಲ್ಲಿಗೆ ಬಂದಾಗ ಅವನಿಗೆ ಇಪ್ಪತ್ತೆರಡು. ಸೇರಿ ಎಂಟು ತಿಂಗಳಾಗಿತ್ತು, ‘ಗಾಳಿವೀರ’ದ ಎರಡನೆಯ ಭಾಗ ಬಂತು. ಮೊದಲ ಭಾಗದಲ್ಲಿ ಗಾಳಿಯನ್ನು ಅಂಗೈಯಲ್ಲಿ ಆಡಿಸಿದ ವೀರ ಈ ಸಲ ಶಕ್ತಿ ಕಳೆದುಕೊಳ್ಳುತ್ತಾನೆ, ಮತ್ತೆ ಪಡೆಯುತ್ತಾನೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ದೊಡ್ಡ ಚಿತ್ರಮಂದಿರದಲ್ಲಿ ಎರಡು ವಾರ ಓಡಿದ ರೀಲುಗಳು ತಗಡಿನ ಡಬ್ಬಿಗಳಲ್ಲಿ ಬಂದವು. ಡಬ್ಬಿಯ ಮೇಲೆ ಸಂಖ್ಯೆ ಇರುತ್ತದೆ. ರೀಲಿನ ತುದಿಯ ಪಟ್ಟಿಯಲ್ಲೂ ಇರುತ್ತದೆ. ಅನುಭವಸ್ಥರು ಎರಡನ್ನೂ ನೋಡುತ್ತಾರೆ. ಅವನು ಡಬ್ಬಿಯನ್ನಷ್ಟೇ ನಂಬಿದ. ದೊಡ್ಡ ಚಿತ್ರಮಂದಿರದವರು ಐದನೆಯ ರೀಲನ್ನು ಆರನೆಯ ಡಬ್ಬಿಗೆ, ಆರನೆಯದನ್ನು ಐದನೆಯದಕ್ಕೆ ತುಂಬಿ ಕಳಿಸಿದ್ದರು.

ಹೀಗಾಗಿ ಮೊದಲ ಆಟದಲ್ಲಿ ವೀರ ಶಕ್ತಿ ಮರಳಿ ಪಡೆದು ಸೇತುವೆಯ ಮೇಲೆ ಹಾರಾಡಿದ. ಅದಾದ ಮೇಲೆ ಶಕ್ತಿ ಕಳೆದುಕೊಂಡು ಚರಂಡಿಗೆ ಬಿದ್ದ. ಜನ ಎರಡಕ್ಕೂ ಸಿಳ್ಳೆ ಹೊಡೆದರು. ಹೊರಗೆ ಬರುವಾಗ ಕ್ಷೌರದಂಗಡಿಯವನು, ಎರಡನೇ ಭಾಗ ಅಂದಮೇಲೆ ಹಿಂಗೇ, ತಲೆ ಇದ್ದರೆ ಕಾಲಿರಲ್ಲ ಎಂದು ತೀರ್ಪು ಕೊಟ್ಟ. ಅಕ್ಕನೂ ಹಾಗೇ ತಿಳಿದರು. ಸೋತದ್ದರ ಕೆಳಗೆ ದಪ್ಪಕ್ಷರದಲ್ಲಿ ಬರೆದರು: ಕಳೆದುಕೊಳ್ಳುವ ಮೊದಲೇ ಮರಳಿ ಪಡೆಯುತ್ತಾನೆ, ಕತೆ ಬರೆದವರು ನಿದ್ದೆಗಣ್ಣಲ್ಲಿದ್ದರು. ಮಧ್ಯಾಹ್ನದ ಆಟಕ್ಕೆ ಬಂದವರು ಓದಿ, ನಕ್ಕು, ಗುಂಪುಗುಂಪಾಗಿ ತಿರುಗಿ ನಡೆದರು.

ರೀಲು ಹಿಂದಕ್ಕೆ ಸುತ್ತುವಾಗ ಆಪರೇಟರನ ಕಣ್ಣಿಗೆ ತುದಿಯ ಸಂಖ್ಯೆ ಬಿತ್ತು. ಅವನಿಗಿಂತ ಮುಂಚಿನವನನ್ನು ಮಾಲೀಕರು ಮನೆಗೆ ಕಳಿಸಿದ್ದು ಪರದೆಯ ಮೇಲೆ ಚಿತ್ರ ಎರಡು ನಿಮಿಷ ಮಸುಕಾಗಿತ್ತೆಂದು. ಇದೋ ಇಡೀ ಕತೆಯನ್ನೇ ತಿರುಗುಮುರುಗು ಮಾಡಿದ ಕೆಲಸ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಆಟಕ್ಕೆ ಸರಿಯಾಗಿ ಹಾಕಿದರಾಯಿತು. ಹಾಗೆಂದುಕೊಂಡು ಮೆಟ್ಟಿಲಿಳಿದವನು, ಕಾಲು ಕರೆದುಕೊಂಡು ಹೋದ ಕಡೆ ಹೋಗಿ, ಕಿಂಡಿಯ ಹಿಂಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಟ್ಟ.

ಅಕ್ಕ ಕೈಯಲ್ಲಿದ್ದ ಟಿಕೆಟ್ ಪುಸ್ತಕ ಮುಚ್ಚಿದರು.

“ಕೆಲಸ ಹೋಗುತ್ತೆ ಅಕ್ಕಾ,” ಎಂದ.

“ಹೋಗಬಹುದು. ಆದ್ರೆ ಕತೆ ಬರೆದವ್ರ ಮರ್ಯಾದೆ ಆಗ್ಲೇ ಹೋಗಿದೆ, ಅದೂ ನನ್ನ ಕೈಯಿಂದ. ನಾನು ಹೋಗಿ ಹಲಗೆ ತಿದ್ತೀನಿ. ನಿನ್ನ ಹೆಸರು ಬರೆಯಲ್ಲ. ಮಾಲೀಕ್ರಿಗೆ ಮಾತ್ರ ನೀನೇ ಹೇಳು, ಇನ್ನೊಬ್ಬರ ಬಾಯಿಂದ ಅವ್ರ ಕಿವಿಗೆ ಬೀಳೋಕೆ ಮುಂಚೆ.”

ಅವರು ಹಲಗೆಯ ಮೇಲಿನ ಆ ಸಾಲಿಗೆ ಒಂದೇ ಗೆರೆ ಎಳೆದರು. ಪಕ್ಕದಲ್ಲಿ ಬರೆದರು: ಇದು ಚಿತ್ರದ ಸೋಲಲ್ಲ, ನಮ್ಮದು. ರೀಲು ಅದಲುಬದಲಾಗಿತ್ತು. ಬೆಳಿಗ್ಗೆ ನೋಡಿದವರು ಹರಿದ ಟಿಕೆಟಿನ ತುಂಡು ತೋರಿಸಿ ಮತ್ತೆ ನೋಡಬಹುದು.

ಆಪರೇಟರ್ ತಪ್ಪೊಪ್ಪಿಕೊಳ್ಳುತ್ತಿರುವಾಗಲೇ ಮಾಲೀಕರು ಅವನನ್ನು ಪಕ್ಕಕ್ಕೆ ಸರಿಸಿ ಹಲಗೆಯತ್ತ ನಡೆದರು. ಒದ್ದೆ ಬಟ್ಟೆ ತನ್ನಿ ಎಂದರು. ಯಾರೂ ತರಲಿಲ್ಲ.

“ನಮ್ಮ ತಪ್ಪನ್ನ ನಾವೇ ಬೀದಿಗೆ ಹಾಕೋದೇನಮ್ಮಾ?”

“ಇಲ್ಲದ ತಪ್ಪನ್ನ ಅವ್ರ ಮೇಲೆ ಹಾಕಿದ್ವಲ್ಲ ಸಾರ್,” ಎಂದರು ಅಕ್ಕ. “ಇವತ್ತು ಇದನ್ನ ಒರೆಸಿದ್ರೆ, ನಾಳೆ ನಾನು ಚೆನ್ನಾಗಿದೆ ಅಂತ ಬರೆದ್ರೂ ಯಾರೂ ನಂಬಲ್ಲ.”

ಅಷ್ಟರಲ್ಲಿ ಕಿಂಡಿಯ ಮುಂದೆ ಜನರ ಸಾಲು ಬೆಳೆದಿತ್ತು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯೊಬ್ಬನನ್ನೂ ಎಳೆದುಕೊಂಡು ಬಂದು, ನಾವು ತಲೆಕೆಳಗಾಗಿ ನೋಡಿದ್ವಿ, ಈಗ ನೆಟ್ಟಗೆ ನೋಡ್ತೀವಿ ಎಂದು ಟಿಕೆಟಿನ ತುಂಡು ಎತ್ತಿ ತೋರಿಸುತ್ತಿದ್ದ. ಮಾಲೀಕರು ಆಪರೇಟರನ ಕಡೆ ತಿರುಗಿ, ಮೇಲೆ ಹೋಗು, ಆಟದ ಹೊತ್ತಾಯಿತು ಎಂದರು. ಅವನ ಕೆಲಸ ಉಳಿದದ್ದು ಹಾಗೆ. ಅಂದಿನಿಂದ ರೀಲುಗಳ ಕಾಲ ಮುಗಿಯುವವರೆಗೂ ಅವನು ತುದಿಯ ಸಂಖ್ಯೆಯನ್ನು ಗಟ್ಟಿಯಾಗಿ ಓದಿಯೇ ಯಂತ್ರಕ್ಕೆ ಏರಿಸಿದ.

ಆ ಸಂಜೆ ಅಕ್ಕ ಚಿತ್ರವನ್ನು ಎರಡನೆಯ ಸಲ ನೋಡಿ ಹೊಸದಾಗಿ ಬರೆದರು. ಗೆದ್ದದ್ದು: ಸೇತುವೆಯ ಹೊಡೆದಾಟದಲ್ಲಿ ಯಾರು ಯಾರಿಗೆ ಹೊಡೆಯುತ್ತಿದ್ದಾರೆಂದು ತಿಳಿಯುತ್ತದೆ. ವೀರನಿಗೆ ಹೆದರಿಕೆ ಇದೆ. ಸೋತದ್ದು: ಖಳನಾಯಕ ತನ್ನ ಉಪಾಯವನ್ನು ಮೂರು ಸಲ ವಿವರಿಸುತ್ತಾನೆ. ಕೊನೆಯ ಹತ್ತು ನಿಮಿಷ ಮೂರನೆಯ ಭಾಗದ ಜಾಹೀರಾತು. ಬಟ್ಟೆ ಹೊಲಿಯುವ ಮುದುಕಿಯ ಮನೆಯ ಭಾಗ ಸುಮ್ಮನೆ ಉದ್ದ.

ಇಷ್ಟನ್ನೂ ಎಂದಿನಂತೆ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನಾಲ್ಕು ವರ್ಷದ ಹಿಂದೆ ನಿವೃತ್ತರಾದಾಗ ಅಂಥ ಹನ್ನೊಂದು ನೋಟ್‌ಬುಕ್ಕುಗಳನ್ನು ಆಪರೇಟರನ ಕೈಗಿಟ್ಟು, ನನ್ನ ಮನೇಲಿ ಇಲಿ ಇದೆ, ನಿನ್ನ ಕೋಣೇಲಿ ನೀನೊಬ್ಬನೇ ಎಂದಿದ್ದರು.

ಅವರು ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ, ಅದೇ ಚಿತ್ರ ಹೊಸ ಯಂತ್ರದಲ್ಲಿ, ಹೊಸ ಬಣ್ಣದಲ್ಲಿ ಮರಳಿ ಬಂತು. ಈಗಿನ ಮಾಲೀಕಿ, ಆ ಮಾಲೀಕರ ಮಗಳು, ನೋಟ್‌ಬುಕ್ ತರಿಸಿ, ಇಪ್ಪತ್ತಾರು ವರ್ಷದ ಹಿಂದಿನ ಮಾತುಗಳನ್ನೇ ಹಲಗೆಗೆ ಬರೆಸಿ, ಕೆಳಗೆ ಅಕ್ಕನ ಅಭಿಪ್ರಾಯ ಎಂದು ಹಾಕಿಸಿದರು. ಬೆಳಗಿನ ಆಟಕ್ಕೆ ಅಕ್ಕ ಕೋಲೂರಿಕೊಂಡು ಬಂದರು. ಟಿಕೆಟ್ ಬೇಡವೆಂದರೂ ಕೊಂಡರು. ಗೋಡೆ ಬದಿಯ ಕೊನೆಯ ಕುರ್ಚಿಯಲ್ಲಿ ಕೂತರು.

ಆಪರೇಟರ್ ಮೇಲಿನ ಕಿಂಡಿಯಿಂದ ಪರದೆಗಿಂತ ಹೆಚ್ಚು ಅವರನ್ನೇ ನೋಡಿದ. ವೀರ ಚರಂಡಿಗೆ ಬಿದ್ದಾಗ ಅವರು ಕದಲಲಿಲ್ಲ. ಮುದುಕಿಯ ಮನೆ ಬಂತು. ಶಕ್ತಿಯಿಲ್ಲದ ವೀರ ಮೂಲೆಯಲ್ಲಿ ಕೂತಿದ್ದಾನೆ. ಮುದುಕಿ ಅವನ ಹರಿದ ಅಂಗಿಗೆ ತೇಪೆ ಹಾಕುತ್ತಾಳೆ. ಸೂಜಿಗೆ ನೂಲು ಹೋಗದೆ ಮೂರು ಸಲ ಕೈ ನಡುಗುತ್ತದೆ. ಅವನು ಎದ್ದು ಬಂದು ನೂಲು ಪೋಣಿಸಿಕೊಡುತ್ತಾನೆ. ಅಷ್ಟೇ. ಅಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಮುಂದಕ್ಕೆ ಬಾಗಿದ್ದರು.

ಆಟ ಬಿಟ್ಟ ಮೇಲೆ ಅವನು ಕೆಳಗೆ ಬಂದಾಗ ಅವರು ಹಲಗೆಯ ಮುಂದಿದ್ದರು.

“ಈ ಸಲ ರೀಲು ಸರಿಯಾಗಿ ಹಾಕಿದೀಯ,” ಎಂದರು.

“ರೀಲೇ ಇಲ್ವಲ್ಲ ಅಕ್ಕಾ ಈಗ.”

“ಅದಕ್ಕೇ.” ಅವರು ಕೈ ಚಾಚಿದರು. “ಸೀಮೆಸುಣ್ಣ ಕೊಡೋ. ಇಲ್ಲಿ ತಪ್ಪು ಬರೆದಿದೀನಿ.”

ಅವರು ಕೋಲನ್ನು ಅವನ ಕೈಗೆ ಕೊಟ್ಟು, ‘ಮುದುಕಿಯ ಮನೆಯ ಭಾಗ ಸುಮ್ಮನೆ ಉದ್ದ’ ಎಂಬುದರ ಮೇಲೆ, ಅಕ್ಷರಗಳು ಕಾಣುವ ಹಾಗೆ, ಒಂದೇ ಗೆರೆ ಎಳೆದರು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗೆದ್ದದ್ದರ ಸಾಲಿನ ಎಲ್ಲಕ್ಕಿಂತ ಕೆಳಗೆ, ನಿಧಾನವಾಗಿ, ‘ಮುದುಕಿಯ ಮನೆ’ ಎಂದು ಬರೆದರು.