ತೆರಕಣಾಂಬಿಗೆ ಹೋಗಿದ್ದ ಸೀಡಿ

ಚಾಮರಾಜನಗರದಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಜಿಯಾವುಲ್ಲಾ ಅವರ ಎರಡನೇ ಮಗಳು ಉಮ್ಮೆ ಹಬೀಬಾ ದಿನಾ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಎಂಥ ಕೆಲಸ ಎಂದು ಯಾರಾದರೂ ಕೇಳಿದರೆ ತಾಯಿ ಮಹಮೂದಾ ‘ಕಂಪ್ಯೂಟರ್ ಕೆಲಸ’ ಎನ್ನುತ್ತಿದ್ದರು. ಅದು ನಿಜವೇ. ಉಳಿದದ್ದನ್ನು ಹಬೀಬಾ ತಾಯಿಗೂ ಬಿಡಿಸಿ ಹೇಳಿರಲಿಲ್ಲ. ಅವಳು ಕೆಲಸ ಮಾಡುತ್ತಿದ್ದುದು ಎಚ್‌ಐವಿ ತಗುಲಿದವರಿಗೆ ನೆರವಾಗುವ ಒಂದು ಸಣ್ಣ ಸಂಸ್ಥೆಯಲ್ಲಿ. ಊಟಿಗೂ ಕೇರಳಕ್ಕೂ ಹೋಗುವ ಲಾರಿಗಳು ನಿಲ್ಲುವ ಊರು ಗುಂಡ್ಲುಪೇಟೆ. ಆ ಕಚೇರಿಯ ಬಾಗಿಲಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಸೆರಗನ್ನು ಮುಖಕ್ಕೆ ಎಳೆದುಕೊಂಡು, ರಸ್ತೆಯ ಎರಡೂ ಕಡೆ ನೋಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದರು. ಅವರ ಹೆಸರು, ಊರು, ಪರೀಕ್ಷೆಯ ಫಲಿತಾಂಶ ಎಲ್ಲವನ್ನೂ ಹಬೀಬಾ ಕಂಪ್ಯೂಟರಿಗೆ ಏರಿಸುತ್ತಿದ್ದಳು. ಇದು ೨೦೦೬ರ ಮಾತು. ಆ ಕಾಯಿಲೆಯ ಹೆಸರನ್ನು ಜನ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೈಸನ್ನೆ ಮಾಡುತ್ತಿದ್ದರು.

ಆ ವರ್ಷ ಪಂಚಾಯಿತಿಗಳು ಊರುವಾರು ಅಂಕಿಅಂಶ ಕೇಳಿದವು. ಎಷ್ಟು ಜನ ಪರೀಕ್ಷೆ ಮಾಡಿಸಿಕೊಂಡರು, ಎಷ್ಟು ಜನಕ್ಕೆ ನೆರವು ಸಿಕ್ಕಿತು, ಅಷ್ಟೇ. ಸಂಸ್ಥೆಯ ಮುಖ್ಯಸ್ಥ ನೀಲಕಂಠಸ್ವಾಮಿ, “ಫೈಲಿನ ನಕಲು ತೆಗೆದು, ಅದರಲ್ಲಿರೋ ಹೆಸರೆಲ್ಲ ಅಳಿಸಿ ಸೀಡಿಗೆ ಹಾಕಮ್ಮ” ಎಂದಿದ್ದರು. ಹಬೀಬಾ ಅಳಿಸಿದಳು. ತೆರೆದು ನೋಡಿದರೆ ಬರೀ ಅಂಕಿಗಳು. ಮೊದಲ ಸೀಡಿ ತೆರಕಣಾಂಬಿ ಪಂಚಾಯಿತಿಗೆ ಹೋಯಿತು. ಎರಡನೆಯದನ್ನು ಮರುದಿನ ಬೆಳಿಗ್ಗೆ ನೀಲಕಂಠಸ್ವಾಮಿ ಜೇಬಿಗಿಟ್ಟುಕೊಂಡು ಚಾಮರಾಜನಗರದ ಜಿಲ್ಲಾ ಪಂಚಾಯಿತಿ ಸಭೆಗೆ ಹೊರಟರು. ಅಲ್ಲಿ ಅದನ್ನು ಬಂದವರಿಗೆಲ್ಲ ನಕಲು ಮಾಡಿ ಹಂಚುವ ಯೋಚನೆಯಿತ್ತು.

ಅವರು ಹೋದ ಮೇಲೆ ಹಬೀಬಾ ಕುದೇರು ಪಂಚಾಯಿತಿಯವರಿಗೆಂದು ಇನ್ನೊಂದು ಸೀಡಿ ಮಾಡಲು ಕೂತಳು. ಏನೋ ಕಣ್ಣಿಗೆ ಬಿತ್ತು. ಅಷ್ಟೊಂದು ಹೆಸರು ತೆಗೆದ ಮೇಲೂ ಫೈಲಿನ ಗಾತ್ರ ಕಿಂಚಿತ್ತೂ ಇಳಿದಿರಲಿಲ್ಲ. ಅನುಮಾನಕ್ಕೆ ಅದೇ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದಳು. ಪರದೆಯ ತುಂಬ ಚೌಕ, ಕೊಕ್ಕೆ, ಅರ್ಥವಿಲ್ಲದ ಗುರುತು. ಕೆಳಕ್ಕೆ ಸರಿಸಿದಳು. ಕಸದ ನಡುವೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಹೆಸರು ನೆಟ್ಟಗೆ ಎದ್ದು ನಿಂತಿತ್ತು. ಚಿಕ್ಕನಿಂಗಮ್ಮ. ಪಕ್ಕದಲ್ಲಿ ಅವಳ ಊರು, ತೀರಿಹೋದ ಗಂಡನ ಹೆಸರು. ಅದರ ಕೆಳಗೆ ಇನ್ನೊಬ್ಬರು. ಅದರ ಕೆಳಗೆ ಮತ್ತೊಬ್ಬರು.

ಆಗ ಅವಳಿಗೆ ಗೊತ್ತಾಯಿತು. ಅಳಿಸು ಎಂದಾಗ ಆ ತಂತ್ರಾಂಶ ಹೆಸರನ್ನು ಕಣ್ಣಿಗೆ ಕಾಣದಂತೆ ಮಾಡುತ್ತಿತ್ತೇ ಹೊರತು ಫೈಲಿನೊಳಗಿಂದ ಕಿತ್ತು ಹಾಕುತ್ತಿರಲಿಲ್ಲ. ಫೈಲನ್ನು ‘ಕಂಪ್ಯಾಕ್ಟ್’ ಮಾಡುವವರೆಗೂ, ಅಂದರೆ ಮತ್ತೆ ಒತ್ತಿ ಕಟ್ಟುವವರೆಗೂ, ಹಳೆಯ ಅಕ್ಷರಗಳು ಒಳಗೇ ಬಿದ್ದಿರುತ್ತಿದ್ದವು.

“ಕುಮಾರಿ, ಇಲ್ಲಿ ಬಾ” ಎಂದು ಕೂಗಿದಳು. ಮನೆ ಮನೆಗೆ ಹೋಗಿ ಆ ಹೆಂಗಸರ ಜೊತೆ ಮಾತಾಡುತ್ತಿದ್ದವಳು ಕುಮಾರಿ. ಪರದೆ ನೋಡಿದವಳೇ ಕುರ್ಚಿ ಹಿಡಿದುಕೊಂಡಳು.

“ತೆರಕಣಾಂಬಿ ಪಂಚಾಯ್ತೀಲಿ ಕಂಪ್ಯೂಟರ್ ಮುಂದೆ ಕೂರೋದು ಯಾರು ಗೊತ್ತಾ ನಿಂಗೆ?” ಎಂದಳು. “ರಂಗರಾಜು. ಚಿಕ್ಕನಿಂಗಮ್ಮನ ಮೈದ. ಅಣ್ಣ ಕಾಮಾಲೆ ಆಗಿ ಸತ್ತ ಅಂತ್ಲೇ ಇವತ್ತಿಗೂ ಆ ಮನೇಲಿ ನಂಬವ್ರೆ. ಗೊತ್ತಾದ್ರೆ ಅವ್ಳನ್ನ ಹೊಸ್ಲು ದಾಟಿಸ್ಬುಡ್ತಾರೆ ಕಣೇ.”

ನೀಲಕಂಠಸ್ವಾಮಿಯವರ ಮೊಬೈಲಿಗೆ ಸಿಗ್ನಲ್ ಸಿಗಲಿಲ್ಲ. ಸಭೆ ನಡೆಯುವ ಕಚೇರಿಗೆ ಫೋನ್ ಹಚ್ಚುತ್ತಲೇ ಇರು ಎಂದು ಕುಮಾರಿಗೆ ಹೇಳಿ ಹಬೀಬಾ ಬಸ್ ನಿಲ್ದಾಣಕ್ಕೆ ಓಡಿದಳು.

ಚಾಮರಾಜನಗರದ ಬಸ್ಸು ತೆರಕಣಾಂಬಿಯ ಮೇಲೆಯೇ ಹೋಗುತ್ತದೆ. ದಾರಿಯುದ್ದಕ್ಕೂ ಅವಳಿಗೆ ಒಂದೇ ಕುದಿ. ತೆರಕಣಾಂಬಿಯಲ್ಲಿ ಇಳಿದರೆ ಬಸ್ಸು ತಪ್ಪುತ್ತದೆ, ಸಭೆಯಲ್ಲಿ ಸೀಡಿ ಹತ್ತು ಕೈ ಸೇರುತ್ತದೆ. ಇಳಿಯದೆ ಹೋದರೆ ರಂಗರಾಜು. ಫೋನಾದರೂ ಒಂದು ಕಡೆ ಮುಟ್ಟಬಹುದು, ಇನ್ನೊಂದು ಕಡೆಗೆ ತಾನೇ ಹೋಗಬೇಕು ಎಂದುಕೊಂಡಳು. “ತೆರಕಣಾಂಬಿ ಇಳ್ಕೊಳ್ರಿ” ಎಂದು ಕಂಡಕ್ಟರ್ ಕೂಗಿದಾಗ ಎದ್ದು ನಿಂತಳು.

ಪಂಚಾಯಿತಿ ಕಚೇರಿಯಲ್ಲಿ ಕರೆಂಟಿರಲಿಲ್ಲ. ರಂಗರಾಜು ಒಬ್ಬನೇ ಬಾಗಿಲ ಬೆಳಕಿಗೆ ಮೇಜು ಎಳೆದುಕೊಂಡು ರಸೀದಿ ಬರೆಯುತ್ತಿದ್ದ. ಮೂವತ್ತರ ಆಸುಪಾಸಿನ, ಸಣ್ಣಕ್ಕೆ ಉದ್ದಕ್ಕಿದ್ದ ಮನುಷ್ಯ.

“ಬನ್ನಿ ಮೇಡಮ್ಮೋರೆ. ಏನು ಇಷ್ಟು ದೂರ?”

“ನೆನ್ನೆ ಕಳಿಸಿದ ಸೀಡೀಲಿ ತಪ್ಪಾಗಿದೆ ರಂಗರಾಜಣ್ಣ. ವಾಪಸ್ ಕೊಡಿ, ಸರಿ ಮಾಡಿ ಬೇರೆ ಕೊಡ್ತೀವಿ.”

“ಅದು ಮಿಷನ್ನಿನೊಳ್ಗೇ ಅದೆ. ನೆನ್ನೆ ಸಂಜೆ ಹಾಕ್ದೆ, ತೆಗೆದು ನೋಡ್ತಿದ್ದಂಗೆ ಕರೆಂಟು ಓಯ್ತು. ಈಗ ಬತ್ತದೆ, ಕೂತ್ಕಳಿ.”

“ಮಿಷನ್ನಿಗೆ ಕಾಪಿ ಮಾಡ್ಕೊಂಡ್ರಾ?”

“ಎಲ್ಲಿ ಬುಡ್ತು ಕರೆಂಟು?”

ಅವಳಿಗೆ ಉಸಿರು ಬಂದಂತಾಯಿತು. ಆದರೆ ಕರೆಂಟು ಬಂದರೆ ಅವನು ಮೊದಲು ಮಾಡುವುದೇ ಆ ಕೆಲಸ. ಸೀಡಿ ಡ್ರೈವಿನ ಮುಖದ ಮೇಲೆ ಒಂದು ಸಣ್ಣ ತೂತಿರುತ್ತದೆ, ಕಡ್ಡಿ ತೂರಿಸಿ ಒತ್ತಿದರೆ ಕರೆಂಟಿಲ್ಲದಿದ್ದರೂ ತಟ್ಟೆ ಹೊರಗೆ ಬರುತ್ತದೆ. ಹಬೀಬಾ ದುಪ್ಪಟ್ಟದ ಸೇಫ್ಟಿಪಿನ್ನು ಬಿಚ್ಚಿ, ನೆಟ್ಟಗೆ ಮಾಡಿ, ಕಂಪ್ಯೂಟರಿನ ಬಳಿಗೆ ಹೋದಳು.

ರಂಗರಾಜು ಎದ್ದು ಅಡ್ಡ ನಿಂತ. “ಮುಟ್ಬೇಡಿ. ಸರ್ಕಾರಿ ಮಿಷನ್ನು. ಅರ್ಧ ಗಂಟೆ ಕಾಯಕ್ಕಾಗದೆ ಇರೋವಂಥ ತಪ್ಪು ಏನದು?”

“ಅದನ್ನ ಹೇಳೋ ಹಾಗಿಲ್ಲ.”

ಅವನು ಅವಳ ಮುಖವನ್ನೇ ನೋಡಿದ. ಎದುರಿನ ಗಿರಣಿಯ ಡೀಸೆಲ್ ಇಂಜಿನ್ನು ಬಡಿದುಕೊಳ್ಳುತ್ತಿತ್ತು. ಅವನ ಮುಖದಿಂದ ಕೋಪ ಇಳಿದು ಬೇರೆ ಏನೋ ಬಂದಿತು.

“ಒಳ್ಗೆ ಹೆಸ್ರವಾ?” ಎಂದ ಮೆಲ್ಲಗೆ. “ನಂಬ್ರ ಬುಟ್ರೆ ನಂಗೇನೂ ಕಾಣ್ಲಿಲ್ಲ. ಆದ್ರೂ ಅವಾ?”

ಅವಳು ಪಿನ್ನು ಹಿಡಿದೇ ನಿಂತಿದ್ದಳು.

“ನಮ್ಮಣ್ಣ ಲಾರಿ ಓಡಿಸ್ತಿದ್ದ. ಕಾಮಾಲೆ ಅಂದ್ರು. ಕಾಮಾಲೇಲಿ ಯಾರೂ ಅಂಗೆ ಒಣಗಾಕಿಲ್ಲ ಕಣಮ್ಮ. ನಮ್ಮತ್ತಿಗೆ ತಿಂಗ್ಳಿಗೊಂದಪ ಗುಂಡ್ಲುಪ್ಯಾಟೆಗೆ ಓಯ್ತಾಳೆ, ಯಾಕೆ ಅಂತ ನಾನು ಕೇಳಿಲ್ಲ.” ಅವನು ಕಂಪ್ಯೂಟರಿನ ಕಡೆ ಬೆರಳು ತೋರಿಸಿದ. “ಒಂದು ಮಾತು ಹೇಳ್ಬುಡಿ. ನಮ್ಮ ಮನೇದು ಅದಾ?”

ಹೌದೆಂದರೆ ಚಿಕ್ಕನಿಂಗಮ್ಮನ ಬದುಕು ಅವನ ಕೈಗೆ ಹೋಗುತ್ತದೆ. ಇಲ್ಲವೆಂದರೆ ಸುಳ್ಳು. ಇಲ್ಲ ಎಂದು ಇವನಿಗೆ ಹೇಳಿ ನಾಳೆ ಇನ್ನೊಬ್ಬರು ಕೇಳಿದಾಗ ಸುಮ್ಮನಿದ್ದರೆ, ಸುಮ್ಮನಿದ್ದುದೇ ಹೌದು ಎಂದಾಗುತ್ತದೆ.

“ರಂಗರಾಜಣ್ಣ, ನಿಮ್ಮನೇದು ಅಂತ ಅಲ್ಲ, ಈ ಊರಲ್ಲಿ ಯಾರು ಬಂದು ಯಾರ ಮನೇದು ಅಂತ ಕೇಳಿದ್ರೂ ನಾನು ಹೇಳಲ್ಲ. ನಾಳೆ ನೀವೇ ನಮ್ಮ ಆಫೀಸಿಗೆ ಬಂದು ನಿಮ್ಮ ವಿಷಯ ಹೇಳ್ಕೊಂಡ್ರೆ, ನಿಮ್ಮ ಬಗ್ಗೇನೂ ಯಾರಿಗೂ ಹೇಳಲ್ಲ.”

ಗೋಡೆಯ ಮೇಲಿನ ಟ್ಯೂಬ್‌ಲೈಟು ಒಂದು ಸಲ ಮಿನುಗಿ ಆರಿತು. ಇಬ್ಬರೂ ಅತ್ತ ನೋಡಿದರು. ಕರೆಂಟು ಬಂದೇಬಿಟ್ಟಿತು ಎಂದುಕೊಂಡಳು ಹಬೀಬಾ. ಬರಲಿಲ್ಲ.

ರಂಗರಾಜು ಕೈ ಚಾಚಿದ. “ಪಿನ್ನು ಕೊಡಿ.”

ತಾನೇ ಬಗ್ಗಿ ತೂತಿಗೆ ಪಿನ್ನು ತೂರಿಸಿ ಒತ್ತಿದ. ತಟ್ಟೆ ಅರ್ಧ ಹೊರಗೆ ಬಂತು. ಉಗುರಿನಲ್ಲಿ ಎಳೆದು, ಸೀಡಿ ತೆಗೆದು, ಅವಳ ಕೈಗಿಟ್ಟ. ಆಮೇಲೆ ಮೇಜಿಗೆ ಹೋಗಿ ಕೂತು ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

ಅವಳು ಚಾಮರಾಜನಗರ ಮುಟ್ಟುವಷ್ಟರಲ್ಲಿ ಸಭೆ ಮುಗಿಯುತ್ತ ಬಂದಿತ್ತು. ನೀಲಕಂಠಸ್ವಾಮಿ ಜಗಲಿಯಲ್ಲಿ ನಿಂತಿದ್ದರು, ಒಂದು ಕೈ ಅಂಗಿಯ ಜೇಬಿನ ಮೇಲೆ. ಕುಮಾರಿಯ ಫೋನು ಕಚೇರಿಯ ಜವಾನನ ಮೂಲಕ ಅವರನ್ನು ಮುಟ್ಟಿತ್ತು. ಅವರ ಸರದಿ ಬಂದಾಗ ‘ಸೀಡಿ ತಂದಿಲ್ಲ’ ಎಂದಿದ್ದರಂತೆ. ತುಂಬಿದ ಸಭೆಯಲ್ಲಿ ಅಧಿಕಾರಿ ಬೈದರೂ ಕಾರಣ ಹೇಳಿರಲಿಲ್ಲ.

“ತೆರಕಣಾಂಬೀದು?” ಎಂದು ಕೇಳಿದರು.

ಅವಳು ತನ್ನ ಕೈಚೀಲ ತೆರೆದು ತೋರಿಸಿದಳು. ಅವರು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಮರುವಾರ ಚಿಕ್ಕನಿಂಗಮ್ಮ ಕಚೇರಿಗೆ ಬಂದಾಗ ಹಬೀಬಾ ಏನನ್ನೂ ಮುಚ್ಚಿಡಲಿಲ್ಲ. ಹೇಳದೆ ಇದ್ದರೆ ಆಯಿತು ಎಂದು ನೀಲಕಂಠಸ್ವಾಮಿಗೆ ಅನ್ನಿಸಿತ್ತು. ಹಬೀಬಾ ಒಪ್ಪಲಿಲ್ಲ. ಕೇಳಿಸಿಕೊಂಡ ಚಿಕ್ಕನಿಂಗಮ್ಮ ಎದ್ದು ನಿಂತಳು. ಆಮೇಲೆ ಸಿಡಿದಳು.

“ನಿಮ್ಮನ್ನ ನಂಬಿ ಹೆಸ್ರು ಹೇಳ್ದೆ ಕಣಮ್ಮಿ. ಹೆತ್ತವ್ವಂಗೂ ಹೇಳ್ದೆ ಇದ್ದಿದ್ನ ನಿಂಗೆ ಹೇಳ್ದೆ. ತೆಗಿ ಅದ್ನ. ನನ್ನ ಕಣ್ಮುಂದ್ಲೇ ತೆಗಿ.”

ಹಬೀಬಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳಿಗೆ ಮೈಸೂರಿನ ಆಸ್ಪತ್ರೆಯಲ್ಲಿ ಮಾತ್ರೆ ಸಿಗಬೇಕಾದರೆ ಹೆಸರು ಕಚೇರಿಯ ಒಂದು ಕಡೆಯಾದರೂ ಇರಲೇಬೇಕು, ಅದಕ್ಕೆ ಬೀಗ ಇರುತ್ತದೆ ಎಂದು ತಿಳಿಸಿ ಹೇಳಿದಳು. ಹೊರಗೆ ಹೋಗುವುದಕ್ಕೆಂದು ಹೊಸ ಫೈಲನ್ನೇ ಮಾಡಿದಳು. ಹಳೆಯದರ ನಕಲಲ್ಲ, ಅಂಕಿಗಳನ್ನು ಮಾತ್ರ ಒಂದೊಂದಾಗಿ ಅದಕ್ಕೆ ಏರಿಸಿದಳು. ಆಮೇಲೆ ಅದನ್ನೂ ನೋಟ್‌ಪ್ಯಾಡಿನಲ್ಲಿ ತೆರೆದು ಚಿಕ್ಕನಿಂಗಮ್ಮನ ಹೆಸರು ಕೊಟ್ಟು ಹುಡುಕಿಸಿದಳು. ಸಿಗಲಿಲ್ಲ ಎಂಬ ಪೆಟ್ಟಿಗೆ ಮೂಡಿತು.

“ಏನಂತದೆ ಅದು?”

“ನೀವಿಲ್ಲ ಅಂತದೆ ಅಕ್ಕ.”

“ಇನ್ನೊಂದಪ ಹುಡುಕು.”

ಹಬೀಬಾ ಮತ್ತೆ ಹುಡುಕಿದಳು. ಮೊದಲು ಅವಳ ಹೆಸರಿನಿಂದ, ಆಮೇಲೆ ಗಂಡನ ಹೆಸರಿನಿಂದ. ಚಿಕ್ಕನಿಂಗಮ್ಮ ಪರದೆಯ ಹತ್ತಿರ ಬಗ್ಗಿ, ತನಗೆ ಓದಲು ಬಾರದ ಅಕ್ಷರಗಳನ್ನು ಕಣ್ಣು ಕಿರಿದು ಮಾಡಿ ನೋಡುತ್ತಲೇ ಇದ್ದಳು. ಹೋಗುವಾಗ ಯಾರ ಮುಖವನ್ನೂ ನೋಡದೆ ಹೋದಳು. ಮುಂದಿನ ತಿಂಗಳು ಬರುತ್ತಾಳೋ ಇಲ್ಲವೋ ಎಂದು ಕುಮಾರಿಗೂ ಹಬೀಬಾಳಿಗೂ ಅಳುಕಿತ್ತು.

ಬಂದಳು. ರಂಗರಾಜುವಿನ ಟಿವಿಎಸ್ಸಿನ ಹಿಂದೆ ಕೂತು ಬಂದಳು. ತಾನಾಗಿಯೇ ಮೈದುನನಿಗೆ ಹೇಳಿದ್ದಳಂತೆ. ವಿಷಯ ತಿಳಿದ ಅತ್ತೆ ತನ್ನ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ, ಆದರೆ ಮನೆಯಿಂದ ಹೊರಗೆ ಹಾಕಲು ರಂಗರಾಜು ಬಿಟ್ಟಿಲ್ಲ ಎಂದು ಕುಮಾರಿಯ ಹತ್ತಿರ ಹೇಳಿಕೊಂಡಳು. ಅವನು ಒಳಗೆ ಬರದೆ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಹಬೀಬಾ ನೀರು ಕೊಟ್ಟಳು. ಗಟಗಟ ಕುಡಿದು ಲೋಟ ವಾಪಸು ಕೊಡುತ್ತ, “ಮೈಸೂರಿಗೆ ಕರ್ಕೊಂಡೋಗ್ಬೇಕಾದ್ರೆ ಬೆಳಿಗ್ಗೆ ಎಷ್ಟೊತ್ಗೆ ಅಲ್ಲಿರ್ಬೇಕು ಮೇಡಮ್ಮೋರೆ?” ಎಂದು ಕೇಳಿದ.