ಹ್ಞೂಂ ಅನ್ನದೆ ಇಪ್ಪತ್ತು ನಿಮಿಷ

ಡಲ್ಲಾಸ್‌ನ ಒಂದು ಸಣ್ಣ ಇಂಡಿಯನ್ ರೇಡಿಯೊದಲ್ಲಿ ನಾಲ್ಕು ವರ್ಷ, ಪ್ರತಿ ಶನಿವಾರ ಬೆಳಗ್ಗೆ ಒಂದು ಗಂಟೆ ಕನ್ನಡ ಕಾರ್ಯಕ್ರಮ ನಡೆಸಿದೆ. ಸಂಬಳವಿಲ್ಲ. ವಾರವಿಡೀ ಪಕ್ಕದ ಪ್ಲೇನೊದ ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುವವಳಿಗೆ, ಆ ಒಂದು ಗಂಟೆ ಯಾರ ತಪ್ಪನ್ನೂ ಹುಡುಕಬೇಕಿರಲಿಲ್ಲ ಎಂಬುದೇ ದೊಡ್ಡ ಸುಖ. ಹೂಸ್ಟನ್ ಪಕ್ಕದ ಪೇರ್‌ಲ್ಯಾಂಡ್‌ನಿಂದ ಒಬ್ಬ ಆಂಟಿ ಇಂಟರ್ನೆಟ್‌ನಲ್ಲಿ ಕೇಳುತ್ತಿದ್ದರು. ಮುಗಿದ ಕೂಡಲೇ ಫೋನ್: "ಹಾಡು ಚೆನ್ನಾಗಿತ್ತು. ನೀನು ಮಾತ್ರ ಜಾಸ್ತಿ ಮಾತಾಡ್ತೀಯ ಕಣೆ."

ನಾಲ್ಕನೇ ವರ್ಷ ಬಂದ ಹೊಸ ಮ್ಯಾನೇಜರ್, ನಿಮ್ಮನ್ನು ನಿಮ್ಮವರು ಬಿಟ್ಟರೆ ಯಾರೂ ಕೇಳುವುದಿಲ್ಲ ಎಂದು ಹೇಳಿ ಆ ಗಂಟೆಯನ್ನು ಹಿಂದಿ ಹಾಡುಗಳಿಗೆ ಕೊಡಲು ಹೊರಟರು. ನಾನು ಜಗಳಕ್ಕೆ ನಿಂತೆ. ಕೊನೆಗೆ ಅವರು ಒಂದು ಷರತ್ತು ಹಾಕಿದರು. ಆಸ್ಟಿನ್ ಹೊರಗಿನ ಎರಡು ದಿನದ ಕಂಟ್ರಿ ಮ್ಯೂಸಿಕ್ ಉತ್ಸವಕ್ಕೆ ಸ್ಟೇಷನ್‌ಗೆ ಒಂದು ಬ್ಯಾಕ್‌ಸ್ಟೇಜ್ ಪಾಸ್ ಸಿಕ್ಕಿದೆ. ಅಲ್ಲಿಂದ ಒಬ್ಬ ಕಲಾವಿದರ ಇಪ್ಪತ್ತು ನಿಮಿಷದ ಮಾತು ತನ್ನಿ, ಇಂಗ್ಲಿಷ್ ಕಾರ್ಯಕ್ರಮಕ್ಕೆ ಬೇಕು. ಅತಿಥಿಯ ದನಿ ಮಾತ್ರ ಇರಬೇಕು, ಮಧ್ಯೆ ನಿಮ್ಮದು ಕೇಳಿಸಕೂಡದು. ತಂದರೆ ಗಂಟೆ ಉಳಿಯುತ್ತದೆ.

ಇಷ್ಟೇನಾ ಎಂದುಕೊಂಡು ಆ ವಾರದ ಕಾರ್ಯಕ್ರಮವನ್ನು ಮೊದಲೇ ರೆಕಾರ್ಡ್ ಮಾಡಿಟ್ಟು, ಶನಿವಾರ ಮೆಕಿನ್ನಿಯ ನಮ್ಮ ಮನೆಯಿಂದ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ವೇದಿಕೆಯ ಹಿಂದೆ ಏನೇನೋ ಇರುತ್ತದೆಂದು ನನ್ನ ಕಲ್ಪನೆ. ಇದ್ದದ್ದು ಜಲ್ಲಿಕಲ್ಲು, ಕಲಾವಿದರನ್ನು ಕರೆತಂದು ಗುರುಗುಟ್ಟುತ್ತಾ ನಿಂತ ಬಸ್ಸುಗಳು, ಪೇಪರ್ ತಟ್ಟೆ ಹಿಡಿದು ಮಾಂಸ ತಿನ್ನುತ್ತಿದ್ದ ದೊಡ್ಡ ಟೋಪಿಯ ಗಂಡಸರು. ಹೆಸರುವಾಸಿ ಗಾಯಕರ ಕಡೆಯವರು ನನ್ನನ್ನು ಮೂರು ಸಲ ಸಾಗಹಾಕಿದರು. ಸಿಟ್ಟು ನೆತ್ತಿಗೇರಿ, ಒಂದು ಪೆಟ್ಟಿಗೆಯ ಮೇಲೆ ಕೂತು ಚಪಾತಿ ಪಲ್ಯ ಬಿಚ್ಚಿದೆ. ಕಾವಲಿಗಿದ್ದ ಹೆಂಗಸು ಅದೇನು ಎಂದು ಕೇಳಿದಳು. ಒಂದು ಕೊಟ್ಟೆ. ತಿಂದು ಮುಗಿಸಿ, ಬಸ್ಸಿನ ನೆರಳಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಮುದುಕನನ್ನು ತೋರಿಸಿದಳು. ಪಿಟೀಲು ನುಡಿಸುವವನು, ಹೆಂಡತಿ ತೀರಿಹೋದ ಮೇಲೆ ಮಾತು ಕಡಿಮೆ, ಬೇಕಾದರೆ ಕೇಳಿ ನೋಡು ಎಂದಳು.

ರೆಕಾರ್ಡರ್ ಒತ್ತಿ ಕೇಳಿದ್ದೇ ತಡ, ಮುದುಕ ಮುಕ್ಕಾಲು ಗಂಟೆ ಮಾತಾಡಿದ. ಹೆಂಡತಿ ಊರೂರಿಗೂ ಜೊತೆಗೇ ಬರುತ್ತಿದ್ದಳಂತೆ. ಮೋಟೆಲ್ ಮಂಚದ ಮೇಲೆ ಟವೆಲ್ ಹಾಸಿ ಇವನ ಶರ್ಟು ಇಸ್ತ್ರಿ ಮಾಡುತ್ತಿದ್ದಳಂತೆ. ವೇದಿಕೆಯ ಮಗ್ಗುಲಲ್ಲೇ ಕುರ್ಚಿ ಹಾಕಿಕೊಂಡು ಕೂತು, ಯಾವ ಹಾಡಿನಲ್ಲಿ ಇವನು ಅವಸರ ಮಾಡಿದ ಎಂದು ಆಮೇಲೆ ಬೈಯುತ್ತಿದ್ದಳಂತೆ. ಕೇಳುತ್ತಾ ನನಗೆ ಮ್ಯಾನೇಜರೂ ಮರೆತುಹೋದರು.

ಸಂಜೆ ನಾನು ಉಳಿದುಕೊಂಡಿದ್ದ ಮೋಟೆಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡಿಂಗ್ ಕೇಳಿದೆ. ಅವನ ಪ್ರತಿ ಮಾತಿಗೂ ನನ್ನದೊಂದು ಹ್ಞೂಂ. ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ತುತ್ತಿಗೊಂದು. ಅವನ ಮಾತಿನ ಮೇಲೆಯೇ ಬಿದ್ದಿದ್ದರಿಂದ ಕತ್ತರಿಸಿ ತೆಗೆಯುವ ಹಾಗೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಕೇಳುವವರು ಹ್ಞೂಂ ಅನ್ನದಿದ್ದರೆ ಹೇಳುವವರು ಅಲ್ಲೇ ನಿಲ್ಲಿಸುತ್ತಾರೆ. ಸ್ಟುಡಿಯೊಗೆ ಅತಿಥಿಗಳು ಬಂದಾಗ ಗಾಜಿನಾಚೆ ಇಂಜಿನಿಯರ್ ಕಣ್ಣುಬಿಡುತ್ತಿದ್ದರಿಂದ ಆ ಚಾಳಿಯನ್ನು ನುಂಗಿಕೊಳ್ಳುತ್ತಿದ್ದೆ. ಬಸ್ಸಿನ ನೆರಳಲ್ಲಿ ಯಾರಿದ್ದರು?

ಫೋನಿನಲ್ಲಿ ನಮ್ಮ ಯಜಮಾನರು ನಕ್ಕರು. "ಅಷ್ಟ್ಯಾಕ ಹ್ಞೂಂ ಅನ್ನಾಕ ಹೋದಿ? ತಲಿ ಅಲ್ಲಾಡಿಸಿದ್ರ ಸಾಕಿತ್ತಲ್ಲ."

"ನಾಳೆ ಅದನ್ನ ಮಾಡ್ತೀನ್ರಿ," ಎಂದು ಫೋನ್ ಇಟ್ಟೆ.

ಭಾನುವಾರ ಮಧ್ಯಾಹ್ನ ಮತ್ತೆ ಹೋಗಿ, ಇನ್ನೂ ಇಪ್ಪತ್ತು ನಿಮಿಷ ಮಾತಾಡುತ್ತೀರಾ ಎಂದು ಕೇಳಿದೆ. ಮುದುಕ ಖುಷಿಯಿಂದಲೇ ಒಪ್ಪಿದ. ರೆಕಾರ್ಡರ್ ಒತ್ತಿ, ತುಟಿ ಬಿಗಿಹಿಡಿದು ಕೋಲೆ ಬಸವನ ಹಾಗೆ ತಲೆಯಾಡಿಸಿದೆ. ಎಂಟು ನಿಮಿಷ ಚೆನ್ನಾಗಿಯೇ ಹೋಯಿತು. ಆಮೇಲೆ ಅವನ ಮಾತು ತಡವರಿಸತೊಡಗಿತು. ಒಂದು ವಾಕ್ಯವನ್ನು ಅರ್ಧಕ್ಕೇ ಬಿಟ್ಟು ಕತ್ತು ಆ ಕಡೆ ಈ ಕಡೆ ತಿರುಗಿಸಿದ.

"ಮ್ಯಾಮ್, ಇದ್ದೀರಾ?"

ಕನ್ನಡಕ ತೆಗೆದ. ಅವನ ಕಣ್ಣು ನನ್ನ ಹೆಗಲಾಚೆ ಎಲ್ಲೋ ನೋಡುತ್ತಿತ್ತು. ಎರಡು ದಿನ ಎದುರು ಕೂತಿದ್ದೆ, ಇವನಿಗೆ ದೃಷ್ಟಿ ಇಲ್ಲ ಎಂಬುದು ನನಗೆ ಹೊಳೆದಿರಲಿಲ್ಲ. ಕಪ್ಪು ಕನ್ನಡಕವೆಂದರೆ ಕಲಾವಿದರ ಶೋಕಿ ಎಂದುಕೊಂಡಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ.

"ಅವಳು ಹೋದ ಮೇಲೆ ಖಾಲಿ ಕುರ್ಚಿ ಜೊತೆ ಎಷ್ಟೋ ಸಲ ಮಾತಾಡಿದ್ದೇನೆ," ಎಂದ. "ಇವತ್ತೂ ಹಾಗೇ ಆಯಿತೇನೋ ಅಂದುಕೊಂಡೆ."

ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಇನ್ನೂ ಹನ್ನೆರಡು ನಿಮಿಷ ಬೇಕು. ಇದ್ದೇನೆ, ರೆಕಾರ್ಡಿಂಗ್‌ಗೋಸ್ಕರ ಸುಮ್ಮನಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಪಾಪ, ಅವನು ಮುಂದುವರಿಸುತ್ತಿದ್ದ. ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಹ್ಞೂಂ," ಎಂದೆ. "ಇದ್ದೀನಿ, ಹೇಳಿ." ಬಂದದ್ದು ಕನ್ನಡದಲ್ಲೇ. ಅವನು ಅರ್ಥ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಬಿಟ್ಟಿದ್ದ ವಾಕ್ಯವನ್ನು ಎತ್ತಿಕೊಂಡ. ವೇದಿಕೆಗೆ ಕರೆಯುವವರೆಗೂ ಅವನು ಹೇಳಿದ, ನಾನು ಹ್ಞೂಂ ಅಂದೆ.

ವಾಪಸು ಬರುವಾಗ ಡ್ರೈವ್ ಮಾಡುತ್ತಲೇ ಅತ್ತೆ. ಮ್ಯಾನೇಜರ್ ಎರಡು ನಿಮಿಷ ಕೇಳಿ ಹೆಡ್‌ಫೋನ್ ತೆಗೆದಿಟ್ಟರು. ನನ್ನ ಗಂಟೆ ಹಿಂದಿ ಹಾಡುಗಳ ಪಾಲಾಯಿತು. ಕೊನೆಯ ಶನಿವಾರ ಆ ಮುದುಕನ ಮಾತನ್ನು ನನ್ನ ಅಷ್ಟೂ ಹ್ಞೂಂಗಳ ಸಮೇತ ಹಾಕಿ, ನಡುನಡುವೆ ಅದರ ಅರ್ಥವನ್ನು ಕನ್ನಡದಲ್ಲಿ ಹೇಳಿ, ಇದೇ ಕೊನೆಯ ಕಾರ್ಯಕ್ರಮ ಎಂದೆ. ಮುಗಿದ ಕೂಡಲೇ ಪೇರ್‌ಲ್ಯಾಂಡ್ ಆಂಟಿಯ ಫೋನ್ ಬಂತು.

"ಇವತ್ತು ನೀನು ಜಾಸ್ತಿ ಮಾತಾಡ್ಲಿಲ್ಲ," ಎಂದರು. ಆಮೇಲೆ, "ಮುಂದಿನ ಶನಿವಾರ ನಾನು ಯಾರಿಗೆ ಫೋನ್ ಮಾಡ್ಲಿ?"

"ನನಗೇ ಮಾಡಿ ಆಂಟಿ."

ಮುಂದಿನ ಶನಿವಾರ ಅದೇ ಹೊತ್ತಿಗೆ ಮಾಡಿದರು. ಆ ದಿನ ಪೂರ್ತಿ ಒಂದು ಗಂಟೆ ಅವರೇ ಮಾತಾಡಿದರು. ನಾನು ಅಡುಗೆಮನೆಯ ಕುರ್ಚಿಯಲ್ಲಿ ಕೂತು ಹ್ಞೂಂ ಅನ್ನುತ್ತಾ ಕೇಳಿದೆ.