ಎಣ್ಣೆ ಹಚ್ಚಿದ ಹಲಗೆ

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ಹುಲ್ಲಹಳ್ಳಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಮೆಂಟೆನೆನ್ಸ್ ಇಂಜಿನಿಯರ್ ಆಗಿದ್ದೆ. ಮೇಲಿನ ಗೋದಾಮಿನಿಂದ ಲಾರಿ ನಿಲ್ಲುವ ಅಂಗಳಕ್ಕೆ ಐವತ್ತು ಕೆಜಿಯ ಅಕ್ಕಿ ಚೀಲಗಳು ಮರದ ಹಲಗೆಯ ಮೇಲೆ ಜಾರಿ ಬರುತ್ತಿದ್ದವು. ಕೆಳಗೆ ನಿಂತು ಹಿಡಿಯುವವನು ಹಮಾಲರ ಮೇಸ್ತ್ರಿ ಸಿದ್ದರಾಜು.

ಆಯುಧಪೂಜೆಯ ರಜೆ ಮುಗಿದು ಕೆಲಸ ಶುರುವಾದ ಬೆಳಿಗ್ಗೆ ಮೊದಲ ಚೀಲವೇ ರಭಸದಿಂದ ಬಂದು ನೆಲಕ್ಕೆ ಬಡಿದು ಒಡೆಯಿತು. ಮೂರನೆಯದು ಸಿದ್ದರಾಜುವಿನ ಮೊಣಕಾಲು ಸವರಿಕೊಂಡು ಹೋಯಿತು. ಮಾಲೀಕರು ಕೆಂಡಾಮಂಡಲವಾದರು.

"ಹಬ್ಬದ ಮತ್ತು ಇನ್ನೂ ಇಳ್ದಿಲ್ಲ ನಿಮ್ಗೆ. ನಾಳೆಯಿಂದ ಬೇರೆ ಗ್ಯಾಂಗ್ ಕರುಸ್ತೀನಿ!"

ಮೇಸ್ತ್ರಿಯೂ ಸೇರಿ ಎಂಟು ಹಮಾಲರ ಕೆಲಸ ಹೋಗುವುದರಲ್ಲಿತ್ತು. ಸಂಜೆಯವರೆಗೆ ಸಮಯ ಕೊಡಿ ಎಂದು ಕೇಳಿಕೊಂಡೆ.

ಟೇಪು ಹಿಡಿದು ಇಳಿಜಾರು ಅಳೆದೆ. ಎತ್ತರ ಮೊದಲಿನಂತೆ ಮೂರು ಮೀಟರ್. ಅಷ್ಟು ಎತ್ತರದಲ್ಲಿರುವ ಚೀಲದಲ್ಲಿ ಸುಮಾರು ಸಾವಿರದ ಐನೂರು ಜೂಲ್ ಶಕ್ತಿ ಇರುತ್ತದೆ. ಅದರ ಬಹುಪಾಲನ್ನು ಹಲಗೆಯ ಘರ್ಷಣೆ ಶಾಖವಾಗಿಸಿ ನುಂಗುತ್ತಿತ್ತು. ಉಳಿದದ್ದಷ್ಟೇ ಚೀಲದ ವೇಗವಾಗಿ ಕೆಳಗೆ ತಲುಪುತ್ತಿತ್ತು. ಈಗ ಆ ಘರ್ಷಣೆ ಎಲ್ಲಿ ಹೋಯಿತು? ಎರಡು ಗಂಟೆ ಲೆಕ್ಕ ಹಾಕಿ ತಲೆ ಕೆಡಿಸಿಕೊಂಡ ಮೇಲೆ ಈ ಮಹಾ ಇಂಜಿನಿಯರಿಗೆ ಹಲಗೆ ಮುಟ್ಟಿ ನೋಡಬೇಕೆಂದು ಹೊಳೆಯಿತು. ಬೆರಳು ಜಾರಿತು.

"ಇದಕ್ಕೇನು ಹಚ್ಚಿದ್ರಿ ಮೇಸ್ತ್ರಿ?"

"ಅರಳೆಣ್ಣೆ ಸಾ. ಮಿಷನ್‌ಗೆಲ್ಲಾ ಪೂಜೆ ಮಾಡುದ್ರು. ನಮ್ಗೆ ಅನ್ನ ಕೊಡೋದು ಈ ಅಲ್ಗೆ ತಾನೆ? ಚೆನ್ನಾಗಿ ತಿಕ್ಕಿ, ಎಣ್ಣೆ ಕುಡ್ಸಿ, ಅರಿಸ್ನ ಕುಂಕ್ಮ ಇಟ್ಟೊ."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟಿನ ಬೂದಿ ಹಾಕಿ ಹಲಗೆ ಉಜ್ಜಿಸಿದೆ. ಕೆಳಗಿನ ಅರ್ಧಕ್ಕೆ ಗೋಣಿತಾಟು ಬಿಗಿಸಿದೆ. ಸಿದ್ದರಾಜು ಮತ್ತೆ ತಾನೇ ಕೆಳಗೆ ಹೋಗಿ ನಿಂತ. ಚೀಲ ಇಳಿಯಿತು, ಗೋಣಿಯ ಮೇಲೆ ನಿಧಾನವಾಯಿತು, ಸಾಕಿದ ಕರುವಿನಂತೆ ಅವನ ಮುಂದೆ ಬಂದು ನಿಂತಿತು. ಎಲ್ಲರೂ ಹೋ ಎಂದು ಕೂಗಿದರು.

ಇಪ್ಪತ್ತು ಚೀಲ ಇಳಿದ ಮೇಲೆ ಮಾಲೀಕರ ಅಂಗೈಯನ್ನು ಗೋಣಿಯ ಮೇಲೆ ಇರಿಸಿದೆ. ಬೆಚ್ಚಗಿತ್ತು. "ಬೆಳಿಗ್ಗೆ ಚೀಲ ಒಡೆದ ಶಕ್ತಿ ಇದೇ ಸಾರ್" ಎಂದು ಹೇಳಿ ಎಣ್ಣೆಯ ಕಥೆ ತಿಳಿಸಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಪೂಜೆ ಮಾಡ್ದೋನ್ನ ಕೆಲ್ಸದಿಂದ ತೆಗುದ್ರೆ ನಂಗೆ ಒಳ್ಳೇದಾಯ್ತದಾ? ಮುಂದಿನ ಚೀಲ ಬಿಡ್ಸೋ ಸಿದ್ದ!"

ಘರ್ಷಣೆ ಕಡಿಮೆ ಮಾಡುವುದೇ ನನ್ನ ಕಸುಬೆಂದು ಮೂವತ್ತು ವರ್ಷ ಗ್ರೀಸ್ ಡಬ್ಬ ಹಿಡಿದು ಓಡಾಡಿದವನು ನಾನು. ಎಂಟು ಮನೆಗಳ ಒಲೆ ಉರಿಯಲು ಅದೇ ಘರ್ಷಣೆ ಬೇಕೆಂದು ನನಗೆ ತಿಳಿದದ್ದು ಅಂದು.